ತಂತಿ 183, ವಿರಾಮ 20 ನಿಮಿಷ

ಜನರ ಕಣ್ಣೆಲ್ಲ ವೇದಿಕೆಯ ಮೇಲೆ. ಹಳೆಯ ಒಪೆರಾದ ಶ್ರುತಿ ನಿಂತಿರುವುದು ಮಾತ್ರ ಅದರ ಕೆಳಗೆ, ವಾದ್ಯಗಾರರು ಕೂರುವ ಪಿಟ್‌ನಲ್ಲಿರುವ ಮರದ ಪೆಟ್ಟಿಗೆಯೊಂದರ ತಂತಿಗಳ ಮೇಲೆ. ಸೆಕೆಗೆ ಇಳಿಯುವ, ತೇವಕ್ಕೆ ಏರುವ ಆ ತಂತಿಗಳನ್ನು ಪರದೆ ಏಳುವ ಮುನ್ನ ಹದಕ್ಕೆ ತರುವ ಕೈಗಳ ಕಥೆ ಇದು.

1704ರ ಡಿಸೆಂಬರ್ 5. ಹ್ಯಾಂಬರ್ಗ್ ನಗರದ ಗೆನ್ಸೆಮಾರ್ಕ್ಟ್ ಚೌಕದಲ್ಲಿದ್ದ ಒಪೆರಾ ಮಂದಿರ. ಅಂದಿನ ಆಟ ‘ಕ್ಲಿಯೋಪಾತ್ರ’. ಸಂಗೀತ ಬರೆದವನು 23 ವರ್ಷದ ಯೋಹಾನ್ ಮಾಟೆಸೊನ್. ಆಂಟನಿಯ ಪಾತ್ರದಲ್ಲಿ ಹಾಡುತ್ತಿದ್ದವನೂ ಅವನೇ. ಅವನು ವೇದಿಕೆಯ ಮೇಲಿದ್ದಷ್ಟು ಹೊತ್ತು ಕೆಳಗೆ ಹಾರ್ಪ್ಸಿಕಾರ್ಡ್ ಎಂಬ ಕೀಲಿಮಣೆಯ ವಾದ್ಯದ ಮುಂದೆ ಕುಳಿತು ಮೇಳ ನಡೆಸುತ್ತಿದ್ದವನು 19 ವರ್ಷದ ಜಾರ್ಜ್ ಫ್ರೆಡ್ರಿಕ್ ಹ್ಯಾಂಡೆಲ್.

ಆಂಟನಿ ಸತ್ತ. ಆಟ ಮುಗಿಯಲು ಇನ್ನೂ ಅರ್ಧ ಗಂಟೆ ಇತ್ತು. ಮಾಟೆಸೊನ್ ಎಂದಿನಂತೆ ವೇದಿಕೆಯಿಂದ ಇಳಿದು ಬಂದು ವಾದ್ಯದ ಮುಂದಿನ ಜಾಗ ಕೇಳಿದ. ಹ್ಯಾಂಡೆಲ್ ಏಳಲಿಲ್ಲ.

ಮಾತಿಗೆ ಮಾತು ಬೆಳೆಯಿತು. ಇಬ್ಬರೂ ಚೌಕಕ್ಕೆ ಬಂದು ಕತ್ತಿ ಹಿರಿದರು. ಜನ ಸುತ್ತುಗಟ್ಟಿದರು. ಮಾಟೆಸೊನ್‌ನ ಕತ್ತಿ ಹ್ಯಾಂಡೆಲ್‌ನ ಕೋಟಿನ ಅಗಲವಾದ ಲೋಹದ ಗುಂಡಿಗೆ ತಾಗಿ ಮುರಿಯಿತು. ಆ ತಿಂಗಳು ಮುಗಿಯುವುದರೊಳಗೆ ರಾಜಿಯಾಗಿ, ಜೊತೆಗೆ ಊಟವನ್ನೂ ಮಾಡಿದರು. ಮರುತಿಂಗಳು ಹ್ಯಾಂಡೆಲ್‌ನ ಮೊದಲ ಒಪೆರಾ ‘ಅಲ್ಮೀರಾ’ ರಂಗಕ್ಕೆ ಬಂದಾಗ ಮಾಟೆಸೊನ್ ಅದರಲ್ಲಿ ಹಾಡಿದ. ಈ ಜಗಳವನ್ನು ಬರೆದಿಟ್ಟವನೂ ಅವನೇ.

ಇಬ್ಬರು ಗೆಳೆಯರು ಕತ್ತಿ ಹಿರಿಯುವಷ್ಟು ಬೆಲೆ ಆ ಒಂದು ಜಾಗಕ್ಕೆ ಬಂದದ್ದು ಹೇಗೆ?

ಆ ಜಾಗದ ಯಜಮಾನಿಕೆ

ಕೋಲು ಹಿಡಿದು ಎತ್ತರದಲ್ಲಿ ನಿಲ್ಲುವ ಕಂಡಕ್ಟರ್ ಆಗ ಇರಲಿಲ್ಲ. ಸಂಗೀತ ಬರೆದವನೇ ಕೀಲಿಮಣೆಯ ಮುಂದೆ ಕುಳಿತು, ತಲೆಯಾಡಿಸಿ, ಕೈಬೀಸಿ, ಸ್ವರ ಕೊಟ್ಟು ಎಲ್ಲರನ್ನೂ ನಡೆಸುತ್ತಿದ್ದ. 1816ರಲ್ಲಿ ರೋಮ್‌ನ ಅರ್ಜೆಂಟೀನಾ ರಂಗಮಂದಿರದಲ್ಲಿ ‘ಸೆವಿಲ್‌ನ ಕ್ಷೌರಿಕ’ ಮೊದಲು ಬಂದಾಗಲೂ ರೊಸ್ಸಿನಿ ಕುಳಿತದ್ದು ಅಲ್ಲೇ. ಡ್ರೆಸ್ಡೆನ್ ಒಪೆರಾದಲ್ಲಿ ವಾದ್ಯಗಾರರು ಕೂರುತ್ತಿದ್ದ ಕ್ರಮದ ನಕ್ಷೆಯೊಂದನ್ನು ರೂಸೋ 1768ರ ತನ್ನ ಸಂಗೀತ ನಿಘಂಟಿನಲ್ಲಿ ಕೊಟ್ಟಿದ್ದಾನೆ. ಅದರಲ್ಲಿ ಹಾರ್ಪ್ಸಿಕಾರ್ಡ್ ಒಂದಲ್ಲ, ಎರಡು. ನಡುವಿನದು ಮೇಳದ ಯಜಮಾನನಿಗೆ, ಪಕ್ಕದ್ದು ಹಾಡುಗಾರರಿಗೆ ಸಾಥ್ ಕೊಡುವವನಿಗೆ.

ಒಪೆರಾದ ದೊಡ್ಡ ಹಾಡುಗಳಲ್ಲಿ ಭಾವ ಹರಡಿಕೊಳ್ಳುತ್ತದೆ, ಕಥೆ ನಿಲ್ಲುತ್ತದೆ. ಕಥೆ ಮುಂದಕ್ಕೆ ಹೋಗುವುದು ರೆಸಿಟಟಿವ್ ಎಂಬ ಭಾಗದಲ್ಲಿ. ಅದು ಮಾತೂ ಹೌದು, ಹಾಡೂ ಹೌದು. ಜಗಳ, ಪಿಸುಮಾತು, ಸುಳ್ಳು, ತಪ್ಪೊಪ್ಪಿಗೆ ಎಲ್ಲ ಅಲ್ಲೇ ನಡೆಯುತ್ತವೆ. ಆಗ ಪಿಟೀಲುಗಳು ಸುಮ್ಮನಾಗುತ್ತವೆ. ಕಂಠದ ಕೆಳಗೆ ಉಳಿಯುವುದು ಒಂದು ಕೀಲಿಮಣೆ, ಜೊತೆಗೆ ಹೆಚ್ಚೆಂದರೆ ಒಂದು ಚೆಲ್ಲೋ. ನುಡಿಸುವವನ ಮುಂದಿನ ಹಾಳೆಯಲ್ಲಿ ಇರುವುದು ಕೆಳಗಿನ ಸ್ವರದ ಸಾಲು, ಅದರೊಂದಿಗೆ ಕೆಲವು ಅಂಕಿಗಳು. ಉಳಿದದ್ದನ್ನು ಆ ಕ್ಷಣದಲ್ಲಿ ಅವನೇ ಕಟ್ಟಬೇಕು.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಹಳೆಯ ವಾದ್ಯಗಳ ಮೇಳದಲ್ಲಿ ಪಿಟೀಲು, ವಯೋಲ, ಚೆಲ್ಲೋ ಎಲ್ಲವೂ ತಮ್ಮ ಶ್ರುತಿಯನ್ನು ಹಾರ್ಪ್ಸಿಕಾರ್ಡ್‌ನಿಂದ ಪಡೆಯುತ್ತವೆ. ಅದು ಕೂದಲೆಳೆಯಷ್ಟು ತಪ್ಪಿದರೂ ಇಡೀ ಪಿಟ್ ತಪ್ಪುತ್ತದೆ, ಪಿಟ್ ತಪ್ಪಿದರೆ ವೇದಿಕೆ ತಪ್ಪುತ್ತದೆ.

ಯೂರೋಪಿನಲ್ಲಿ ಬೇಸಿಗೆ ಎಂದರೆ ಒಪೆರಾ ಉತ್ಸವಗಳ ಸುಗ್ಗಿ. ಇಂಗ್ಲೆಂಡಿನ ಗ್ಲೈಂಡ್‌ಬೋರ್ನ್, ಫ್ರಾನ್ಸಿನ ಎಕ್ಸ್-ಆನ್-ಪ್ರೊವಾನ್ಸ್, ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಮತ್ತು ಇನ್ಸ್‌ಬ್ರುಕ್, ಸ್ವೀಡನ್ನಿನ ಡ್ರಾಟ್ನಿಂಗ್‌ಹೋಮ್, ಎಲ್ಲ ಕಡೆ ಮೊಂಟೆವೆರ್ಡಿ, ಹ್ಯಾಂಡೆಲ್, ಮೊಜಾರ್ಟ್. ಹಾಡುಗಾರರ ಹೆಸರು ಪೋಸ್ಟರಿನಲ್ಲಿ ದಪ್ಪಕ್ಷರದಲ್ಲಿ ಇರುತ್ತದೆ. ಮಧ್ಯಾಹ್ನವೇ ಖಾಲಿ ಪಿಟ್‌ಗೆ ಇಳಿದು, ವಾದ್ಯದ ಮುಚ್ಚಳ ತೆರೆದು, ಕಿವಿ ತಗ್ಗಿಸಿ ನಿಲ್ಲುವ ಟ್ಯೂನರ್ ಹೆಸರನ್ನು ಹುಡುಕಬೇಕಾಗುತ್ತದೆ. ಈ ಕೆಲಸವನ್ನು ರಿಪೇರಿ ಎಂದುಕೊಂಡವರು ಬಹಳ. ನನ್ನ ಮಟ್ಟಿಗೆ ಅದು ಸಂಗೀತದ್ದೇ ಒಂದು ಭಾಗ.

ಕಾಗೆಯ ಗರಿ, ಹಂದಿಯ ಕೂದಲು

ಪಿಯಾನೊದಲ್ಲಿ ಸುತ್ತಿಗೆ ತಂತಿಗೆ ಬಡಿಯುತ್ತದೆ. ಹಾರ್ಪ್ಸಿಕಾರ್ಡ್‌ನಲ್ಲಿ ಬಡಿಯುವುದಿಲ್ಲ, ಮೀಟುತ್ತದೆ.

ಕೀ ಒತ್ತಿದರೆ ಅದರ ಹಿಂತುದಿಯಲ್ಲಿ ನಿಂತ ತೆಳ್ಳನೆಯ ಮರದ ಪಟ್ಟಿಯೊಂದು ಮೇಲೇಳುತ್ತದೆ. ಅದನ್ನು ಜಾಕ್ ಎನ್ನುತ್ತಾರೆ. ಜಾಕ್‌ನ ತಲೆಯಲ್ಲಿ ಮರದ ಪುಟ್ಟ ನಾಲಿಗೆ, ನಾಲಿಗೆಯಿಂದ ಹೊರಚಾಚಿದ ಒಂದು ಮೊನೆ. ಮೊನೆ ತಂತಿಯನ್ನು ಮೀಟಿ ಮೇಲಕ್ಕೆ ದಾಟುತ್ತದೆ. ಕೀ ಬಿಟ್ಟಾಗ ಜಾಕ್ ಕೆಳಗಿಳಿಯುತ್ತದೆ. ಆಗ ನಾಲಿಗೆ ಹಿಂದಕ್ಕೆ ಬಾಗಿ, ಮೊನೆ ತಂತಿಯನ್ನು ಸದ್ದಿಲ್ಲದೆ ಸವರಿ ಹೋಗುತ್ತದೆ. ನಾಲಿಗೆಯನ್ನು ಮತ್ತೆ ನೆಟ್ಟಗೆ ಮಾಡುವ ಸ್ಪ್ರಿಂಗ್ ಹಳೆಯ ವಾದ್ಯಗಳಲ್ಲಿ ಹಂದಿಯ ಒರಟು ಕೂದಲು. ಮೊನೆ ಕಾಗೆ ಜಾತಿಯ ಹಕ್ಕಿಯ ರೆಕ್ಕೆಗರಿಯ ದಂಟು. ಕೊನೆಗೆ ಬಟ್ಟೆಯ ಚೂರೊಂದು ತಂತಿಯ ಮೇಲೆ ಕುಳಿತು ನಾದವನ್ನು ನಿಲ್ಲಿಸುತ್ತದೆ.

ಇಷ್ಟೆಲ್ಲ ನಡೆಯುವುದು ಒಂದು ಸ್ವರಕ್ಕೆ. ದೊಡ್ಡ ವಾದ್ಯವಾದರೆ ಕೀ 61, ಒಂದೊಂದು ಕೀಗೆ ಮೂರು ಸಾಲಿನ ಮೂರು ತಂತಿ. ಎರಡು ಸಾಲು ಒಂದೇ ಎತ್ತರದವು, ಮೂರನೆಯದು ಒಂದು ಸ್ಥಾಯಿ ಮೇಲಿನದು. ಒಟ್ಟು 183 ತಂತಿ, 183 ಜಾಕ್, 183 ಮೊನೆ.

ಮೊನೆಯನ್ನು ಹದಗೊಳಿಸುವುದನ್ನು ವಾಯ್ಸಿಂಗ್ ಎನ್ನುತ್ತಾರೆ. ಹಾರ್ಪ್ಸಿಕಾರ್ಡ್‌ನಲ್ಲಿ ಬೆರಳು ಜೋರಾಗಿ ಒತ್ತಿದರೆ ಸದ್ದು ಹೆಚ್ಚುವುದಿಲ್ಲ, ಮೆಲ್ಲಗೆ ಒತ್ತಿದರೆ ಇಳಿಯುವುದಿಲ್ಲ. ಸದ್ದಿನ ಗಾತ್ರವನ್ನು ತೀರ್ಮಾನಿಸುವುದು ಮೊನೆಯ ಉದ್ದ, ದಪ್ಪ, ಬಾಗು. ಟ್ಯೂನರ್ ಜಾಕನ್ನು ಹೊರತೆಗೆದು, ಸಣ್ಣ ಮರದ ದಿಮ್ಮಿಯ ಮೇಲೆ ಮೊನೆಯನ್ನಿಟ್ಟು, ಸರ್ಜನ್ನರು ಬಳಸುವಂಥ ಚಾಕುವಿನಿಂದ ಅದರ ಕೆಳಮೈಯನ್ನು ಹೆರೆಯುತ್ತಾನೆ. ಮತ್ತೆ ಒಳಗಿಟ್ಟು ನುಡಿಸುತ್ತಾನೆ. ಪಕ್ಕದ ಕೀ ಜೊತೆ ಹೋಲಿಸುತ್ತಾನೆ. ಇನ್ನೂ ಗಡುಸಾಗಿದ್ದರೆ ಮತ್ತೊಂದು ಸಿಪ್ಪೆ. ಒಂದು ಸಿಪ್ಪೆ ಹೆಚ್ಚಾಯಿತೋ, ಆ ಮೊನೆ ಕಸಕ್ಕೆ. ಹೊಸದನ್ನು ತೊಡಿಸಿ ಮೊದಲಿನಿಂದ ಶುರು.

ಇಂದು ಹೆಚ್ಚಿನ ವಾದ್ಯಗಳಲ್ಲಿ ಗರಿಯ ಬದಲು ಡೆಲ್ರಿನ್ ಎಂಬ ಪ್ಲಾಸ್ಟಿಕ್ ಇದೆ. ಅದು ಬೇಗ ಸವೆಯುವುದಿಲ್ಲ, ಹವೆಗೆ ಹೆದರುವುದಿಲ್ಲ. ಗರಿಗಾದರೆ ಆಗಾಗ ಎಣ್ಣೆ ಸವರಬೇಕು, ಒಣಗಿದರೆ ಲಟಕ್ಕನೆ ಮುರಿಯುತ್ತದೆ. ಆದರೂ ಗರಿಯ ಮೀಟಿಗೆ ಇರುವ ಮೃದುವಾದ ಆರಂಭ ಪ್ಲಾಸ್ಟಿಕ್ಕಿಗೆ ಸುಲಭಕ್ಕೆ ಬರುವುದಿಲ್ಲ. ಅದಕ್ಕಾಗಿ ಇಷ್ಟು ಕಷ್ಟಕ್ಕೂ ಸಿದ್ಧರಾಗಿ ಗರಿಯನ್ನೇ ಹಿಡಿದುಕೊಂಡ ಕುಶಲಕರ್ಮಿಗಳು ಇದ್ದಾರೆ.

> ಎ ಸ್ವರ ಎಷ್ಟೆತ್ತರ?
>
> ಎ ಸ್ವರಕ್ಕೆ ಸೆಕೆಂಡಿಗೆ 440 ಕಂಪನ ಎಂದು ದೇಶಗಳೆಲ್ಲ ಕೂಡಿ ಒಪ್ಪಿದ್ದು 1939ರ ಲಂಡನ್ ಸಮ್ಮೇಳನದಲ್ಲಿ. ಫ್ರಾನ್ಸ್ 1859ರಲ್ಲೇ 435 ಎಂದು ಕಾನೂನು ಮಾಡಿತ್ತು. ಅದಕ್ಕೂ ಹಿಂದೆ ಊರಿಗೊಂದು ಎತ್ತರ. ಇಂದಿನ ಹಳೆಯ ವಾದ್ಯಗಳ ತಂಡಗಳು ಸಾಮಾನ್ಯವಾಗಿ ಪಾಲಿಸುವ ಲೆಕ್ಕ ಹೀಗಿದೆ: ಫ್ರೆಂಚ್ ಬರೋಕ್‌ಗೆ 392, ಹ್ಯಾಂಡೆಲ್‌ಗೆ 415, ಮೊಜಾರ್ಟ್‌ಗೆ 430, ಮೊಂಟೆವೆರ್ಡಿಗೆ 440 ಅಥವಾ 466.

ಹನ್ನೆರಡು ಮನೆಯ ಲೆಕ್ಕ

ತಂತಿ ಬಿಗಿಯುವುದಕ್ಕೆ ಮೊದಲು ಟ್ಯೂನರ್ ಕೇಳುವ ಪ್ರಶ್ನೆ ಎರಡು. ಯಾವ ಎತ್ತರ? ಯಾವ ಟೆಂಪರಮೆಂಟ್? ಮೊದಲನೆಯದಕ್ಕೆ ಒಂದು ಅಂಕಿ ಸಾಕು. ಎರಡನೆಯದಕ್ಕೆ ಇಡೀ ಒಪೆರಾದ ಹಾಳೆಗಳನ್ನು ತಿರುವಬೇಕು.

ತಂಬೂರಿಯ ಮಂದ್ರ ಷಡ್ಜವನ್ನು ಮೀಟಿದಾಗ ಅದರೊಳಗಿಂದ ತಾನಾಗಿ ಹೊರಡುವ ಅಂತರ ಗಾಂಧಾರವನ್ನು ನಮ್ಮಲ್ಲಿ ಸಂಗೀತ ಕೇಳುವ ಎಲ್ಲರೂ ಬಲ್ಲರು. ಷಡ್ಜಕ್ಕೆ ನಾಲ್ಕು ಕಂಪನವಾದರೆ ಗಾಂಧಾರಕ್ಕೆ ಐದು. ಆ ಸಂಬಂಧದಲ್ಲಿ ಯಾವ ಕಲಕೂ ಇಲ್ಲ. ಇಂದಿನ ಪಿಯಾನೊದಲ್ಲಿ ಆ ಗಾಂಧಾರ ಸಿಗುವುದಿಲ್ಲ. ಅಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಲಾಗಿದೆ. ಹಾಗೆ ಪಾಲು ಮಾಡಿದಾಗ ಗಾಂಧಾರ ತನ್ನ ಜಾಗದಿಂದ ಮೇಲಕ್ಕೆ ಸರಿಯುತ್ತದೆ, ಹೆಚ್ಚುಕಡಿಮೆ ಅರ್ಧ ಸ್ವರದ ಏಳನೇ ಒಂದು ಪಾಲು. ಪಿಯಾನೊದ ನಡುವಿನ ಸಿ ಮತ್ತು ಇ ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ಹತ್ತು ಸಲ ಅಲುಗುವ ಒಂದು ಕಂಪ ಒಳಗೆ ಇರುತ್ತದೆ. ನಮ್ಮ ಕಿವಿಗೆ ಅದು ರೂಢಿಯಾಗಿಬಿಟ್ಟಿದೆ.

ಬೇಕಾದ ಹಾಗೆ ಶುದ್ಧ ಮಾಡಿಬಿಟ್ಟರಾಯಿತಲ್ಲ ಎನ್ನಬಹುದು. ಆಗುವುದಿಲ್ಲ, ಲೆಕ್ಕ ಬಿಡುವುದಿಲ್ಲ. ಸ-ಪ ಸಂಬಂಧವನ್ನು ಶುದ್ಧವಾಗಿಟ್ಟು ಹನ್ನೆರಡು ಸಲ ಮೇಲೇರಿದರೆ ಹೊರಟ ಸ್ವರಕ್ಕೇ ಬಂದು ಮುಟ್ಟಬೇಕಿತ್ತು. ಮುಟ್ಟುವುದಿಲ್ಲ. ಅರ್ಧ ಸ್ವರದ ಸುಮಾರು ಕಾಲು ಭಾಗ ಹೆಚ್ಚಾಗುತ್ತದೆ. ಆ ಹೆಚ್ಚಳವನ್ನು ಎಲ್ಲಾದರೂ ಅಡಗಿಸಲೇಬೇಕು. ಎಲ್ಲಿ ಅಡಗಿಸಬೇಕು ಎಂಬುದಕ್ಕೆ ಒಂದೊಂದು ಕಾಲ ಒಂದೊಂದು ಉತ್ತರ ಕೊಟ್ಟಿತು. ಆ ಉತ್ತರಗಳೇ ಟೆಂಪರಮೆಂಟ್.

ಮೊಂಟೆವೆರ್ಡಿಯ ಕಾಲದವರು ಬಳಸಿದ್ದು ಮೀನ್‌ಟೋನ್. ಅದರಲ್ಲಿ ಎಂಟು ಗಾಂಧಾರಗಳು ಶುದ್ಧ. ಅದಕ್ಕೆ ತೆತ್ತ ಬೆಲೆಯೂ ದೊಡ್ಡದು. ಕೀಲಿಮಣೆಯ ಒಂದು ಮೂಲೆಯಲ್ಲಿ ಎರಡು ಸ್ವರ ಕೂಡಿದರೆ ಊಳಿಟ್ಟಂತೆ ಕೇಳುತ್ತದೆ. ಅದಕ್ಕೆ ತೋಳ ಎಂದೇ ಹೆಸರು. ಜಿ ಶಾರ್ಪ್ ಮತ್ತು ಎ ಫ್ಲ್ಯಾಟ್ ಪಿಯಾನೊದಲ್ಲಿ ಒಂದೇ ಕಪ್ಪು ಮನೆ, ಮೀನ್‌ಟೋನ್‌ನಲ್ಲಿ ಅವು ಬೇರೆ ಬೇರೆ. ನಡುವಿನ ಅಂತರ ಅರ್ಧ ಸ್ವರದ ಐದರಲ್ಲಿ ಎರಡು ಪಾಲು. ಇರುವುದು ಒಂದೇ ಕೀ. ಅದನ್ನು ಯಾವುದಕ್ಕೆ ಕೊಡಬೇಕು?

ಈ ಅಂಕದಲ್ಲಿ ಜಿ ಶಾರ್ಪ್ ಎಷ್ಟು ಸಲ ಬರುತ್ತದೆ, ಎ ಫ್ಲ್ಯಾಟ್ ಎಲ್ಲಾದರೂ ಇದೆಯೇ, ವಿರಾಮದಲ್ಲಿ ಒಂದು ತಂತಿ ಬದಲಿಸಿದರೆ ಸಾಕೇ, ಅಥವಾ ಎರಡನೆಯ ವಾದ್ಯ ತರಿಸಬೇಕೇ ಎಂದು ನುಡಿಸುವವರೂ ಟ್ಯೂನರ್‌ಗಳೂ ಕೂತು ಲೆಕ್ಕ ಹಾಕುತ್ತಾರೆ. 17ನೇ ಶತಮಾನದ ಇಟಲಿಯಲ್ಲಿ ಕೆಲವರು ಕಪ್ಪು ಕೀಯನ್ನೇ ಅಡ್ಡಕ್ಕೆ ಸೀಳಿ, ಮುಂದಿನ ತುಂಡು ಒಂದು ಸ್ವರಕ್ಕೆ, ಹಿಂದಿನದು ಇನ್ನೊಂದಕ್ಕೆ ಎಂದು ವಾದ್ಯ ಕಟ್ಟಿದ್ದರು.

ಹ್ಯಾಂಡೆಲ್‌ನ ಹೊತ್ತಿಗೆ ಒಂದೇ ಒಪೆರಾದಲ್ಲಿ ಹಾಡಿನಿಂದ ಹಾಡಿಗೆ ಆಧಾರ ಸ್ವರ ದೂರ ದೂರ ಹಾರತೊಡಗಿತು. ಮೀನ್‌ಟೋನ್ ಅಷ್ಟು ದೂರಕ್ಕೆ ಬರುವುದಿಲ್ಲ. ಹಾಗಾಗಿ ಇಂದಿನ ಟ್ಯೂನರ್‌ಗಳು ಅಲ್ಲಿ ವಾಲೋಟಿ, ವೆರ್ಕ್‌ಮೈಸ್ಟರ್ ಮೊದಲಾದವರ ಹೆಸರಿನ ನಡುದಾರಿಗಳನ್ನು ಹಿಡಿಯುತ್ತಾರೆ. ಇವುಗಳಲ್ಲಿ ತೋಳದ ಕಾಟವಿಲ್ಲ, ಎಲ್ಲ ಮನೆಯಲ್ಲೂ ಹಾಡಬಹುದು. ಆದರೆ ಎಲ್ಲ ಮನೆಯ ಬಣ್ಣವೂ ಒಂದೇ ಅಲ್ಲ. ಸಿ ಮೇಜರ್ ತಿಳಿಯಾಗಿ ನಿಲ್ಲುತ್ತದೆ, ನಾಲ್ಕೈದು ಶಾರ್ಪ್ ದಾಟಿದ ಕಡೆ ಒಂದು ಚುರುಕು, ಒಂದು ನೋವು. ಸಂಕಟದ ಹಾಡು ಸಂಕಟವಾಗಿ ಕೇಳುವುದರಲ್ಲಿ ಈ ಚುರುಕಿನ ಪಾಲೂ ಇದೆ ಎಂದು ನಾನು ನಂಬುತ್ತೇನೆ. ಸಮಪಾಲಿನ ಶ್ರುತಿಯಲ್ಲಿ ಅದು ಅಳಿಸಿಹೋಗುತ್ತದೆ.

ಒಂದೇ ವಾದ್ಯ ಇವತ್ತು 415ಕ್ಕೆ, ನಾಳೆ 440ಕ್ಕೆ ಬೇಕಾದಾಗ ತಯಾರಕರು ಒಂದು ಉಪಾಯ ಮಾಡಿದ್ದಾರೆ. ಎರಡರ ನಡುವಿನ ಅಂತರ ಸರಿಯಾಗಿ ಅರ್ಧ ಸ್ವರ. ಕೀಲಿಮಣೆಯನ್ನೇ ಒಂದು ತಂತಿಯಷ್ಟು ಪಕ್ಕಕ್ಕೆ ಸರಿಸಿದರೆ ಆಯಿತು. ಆದರೆ ಸರಿಸಿದ ಕೂಡಲೇ ಟೆಂಪರಮೆಂಟೂ ಜೊತೆಗೆ ಸರಿಯುತ್ತದೆ. ಸಿ ಮೇಜರ್‌ಗೆಂದು ಇಟ್ಟ ತಿಳಿ ಬೇರೆ ಮನೆಗೆ ಹೋಗಿ ಕೂರುತ್ತದೆ. ಮತ್ತೆ ಕುಳಿತು ಶ್ರುತಿ ಮಾಡಬೇಕು.

ಆರ್ಗನ್ ಏರುತ್ತದೆ, ತಂತಿ ಇಳಿಯುತ್ತದೆ

ಟ್ಯೂನರ್‌ಗೆ ಅತ್ಯಂತ ಕಷ್ಟ ಕೊಡುವ ಒಪೆರಾ ಯಾವುದು ಎಂದರೆ ನಾನು ಮೊಂಟೆವೆರ್ಡಿಯ ‘ಓರ್ಫೆಯೊ’ದತ್ತ ಬೆರಳು ಮಾಡುತ್ತೇನೆ. 1607ರ ಫೆಬ್ರುವರಿ 24ರಂದು ಮಾಂಟುವಾದ ಅರಮನೆಯಲ್ಲಿ ಮೊದಲು ಪ್ರಯೋಗವಾದ ಇದು ಇಂದಿಗೂ ರಂಗದ ಮೇಲಿರುವ ಅತಿ ಹಳೆಯ ಒಪೆರಾಗಳಲ್ಲಿ ಒಂದು. 1609ರಲ್ಲಿ ಅಚ್ಚಾದ ಪ್ರತಿಯ ಮೊದಲಲ್ಲೇ ವಾದ್ಯಗಳ ಪಟ್ಟಿ ಇದೆ. ಎರಡು ಹಾರ್ಪ್ಸಿಕಾರ್ಡ್, ಮರದ ಕೊಳವೆಗಳ ಎರಡು ಆರ್ಗನ್, ಒಂದು ರೀಗಲ್. ಕೀಲಿಮಣೆಯ ವಾದ್ಯಗಳೇ ಐದು.

ಐದಕ್ಕೂ ಒಂದೇ ಶ್ರುತಿ ಬೇಕು. ಆದರೆ ಐದೂ ಹವೆಗೆ ಒಂದೇ ರೀತಿ ಸ್ಪಂದಿಸುವುದಿಲ್ಲ.

ಆರ್ಗನ್‌ನಲ್ಲಿ ನಾದ ಹುಟ್ಟುವುದು ಕೊಳವೆಯೊಳಗಿನ ಗಾಳಿಯಿಂದ. ಗಾಳಿ ಬಿಸಿಯಾದರೆ ಅದರಲ್ಲಿ ಶಬ್ದದ ವೇಗ ಹೆಚ್ಚುತ್ತದೆ, ಸ್ವರ ಏರುತ್ತದೆ. ಸಭಾಂಗಣ 5 ಡಿಗ್ರಿ ಬಿಸಿಯಾದರೆ 440ರ ಎ ಹೆಚ್ಚುಕಡಿಮೆ 444ಕ್ಕೆ ಹೋಗಿರುತ್ತದೆ. ಹಾರ್ಪ್ಸಿಕಾರ್ಡ್‌ನದು ಇದಕ್ಕೆ ತದ್ವಿರುದ್ಧ. ಬಿಸಿಗೆ ಹಿತ್ತಾಳೆಯ ತಂತಿ ಹಿಗ್ಗಿ ಸಡಿಲವಾಗುತ್ತದೆ, ಸ್ವರ ಇಳಿಯುತ್ತದೆ. ಜನ ತುಂಬಿದ ಮೇಲೆ, ದೀಪ ಹತ್ತಿದ ಮೇಲೆ ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ. ಕೊಳವೆಗಳನ್ನು ನಡುವೆ ಮುಟ್ಟುವುದು ಕಷ್ಟ, ತಂತಿಯನ್ನು ತಿರುಗಿಸಬಹುದು. ಆದ್ದರಿಂದ ಆರ್ಗನ್ ಎಲ್ಲಿ ನಿಂತಿದೆಯೋ ಅಲ್ಲಿಗೆ ಹಾರ್ಪ್ಸಿಕಾರ್ಡ್ ಬರಬೇಕು. ಬುದ್ಧಿವಂತ ಟ್ಯೂನರ್ ಸಭಾಂಗಣ ಖಾಲಿ ಇದ್ದಾಗಿನ ಬಿಸಿಗೆ ಶ್ರುತಿ ಮಾಡಿ ನಿಶ್ಚಿಂತನಾಗುವುದಿಲ್ಲ. ಜನ ಕೂತ ಮೇಲೆ ಎಷ್ಟಾಗುತ್ತದೆ ಎಂದು ತಾಲೀಮಿನ ದಿನಗಳಿಂದಲೇ ಅಂದಾಜು ಕಟ್ಟುತ್ತಾನೆ.

ಉಳಿದದ್ದು ರೀಗಲ್. ಪೆಟ್ಟಿಗೆಯಂಥ ಪುಟ್ಟ ವಾದ್ಯ. ತಿದಿಯೊತ್ತಿದರೆ ಹಿತ್ತಾಳೆಯ ನಾಲಿಗೆಗಳು ಅದುರಿ ಗೊಗ್ಗರು ದನಿ ಹೊರಡುತ್ತದೆ. ಸತ್ತವರನ್ನು ಹೊಳೆ ದಾಟಿಸುವ ಅಂಬಿಗ ಕರೋಂತೆ ಹಾಡುವುದು ರೀಗಲ್ ದನಿಗೆ ಎಂದು ಮೊಂಟೆವೆರ್ಡಿ ಅಚ್ಚಿನಲ್ಲೇ ಬರೆದಿದ್ದಾನೆ. ಅದಕ್ಕೆ ಎದುರಾಗಿ ಓರ್ಫೆಯೊ ತನ್ನ ಹೆಂಡತಿಗಾಗಿ ಬೇಡಿ ಹಾಡುವಾಗ ಕೆಳಗೆ ಮರದ ಆರ್ಗನ್ ಮತ್ತು ಒಂದು ದೊಡ್ಡ ಲ್ಯೂಟ್. ಗೊಗ್ಗರು ದನಿಯ ಲೋಕದಲ್ಲಿ ಒಂದು ಮೆತ್ತನೆಯ ದನಿ ಬಂದು ನಿಲ್ಲುತ್ತದೆ. 400 ವರ್ಷ ಕಳೆದರೂ ಈ ಜಾಗ ಕೇಳುಗರ ಎದೆ ಹಿಡಿಯುತ್ತದೆ.

ಎರಡೂ ದನಿ ಒಂದೇ ಶ್ರುತಿಯಲ್ಲಿದ್ದರೆ ಮಾತ್ರ ಹಿಡಿಯುತ್ತದೆ ಎಂಬುದನ್ನು ಮರೆಯಬಾರದು. ರೀಗಲ್‌ನ ನಾಲಿಗೆ ಕೊಳವೆಯ ಗಾಳಿಯ ಹಾಗೆ ಬಿಸಿಗೆ ಏರುವುದಿಲ್ಲ, ಅದರ ದಾರಿಯೇ ಬೇರೆ. ಒಂದೊಂದು ನಾಲಿಗೆಯನ್ನೂ ಒತ್ತಿಹಿಡಿದ ಸಣ್ಣ ತಂತಿಕಡ್ಡಿ ಇರುತ್ತದೆ. ಅದನ್ನು ಚೂರೇ ಚೂರು ತಟ್ಟಿ ಮೇಲೆ ಕೆಳಗೆ ಮಾಡಬೇಕು. ಕೈ ಹೆಚ್ಚು ಬಿತ್ತೋ, ಸ್ವರ ಎಲ್ಲೋ ಹೋಗಿ ಬೀಳುತ್ತದೆ.

ಮೊಜಾರ್ಟ್‌ನ ಪಿಯಾನೊ ಮನೆ ಬಿಟ್ಟು ಹೊರಟಾಗ

1700ರ ಸುಮಾರಿಗೆ ಫ್ಲಾರೆನ್ಸ್‌ನಲ್ಲಿ ಬಾರ್ತೊಲೊಮೆಯೊ ಕ್ರಿಸ್ತೊಫೊರಿ ಮೀಟುವ ಮೊನೆಯ ಬದಲು ಸುತ್ತಿಗೆ ಇಟ್ಟು ಪಿಯಾನೊ ಕಟ್ಟಿದ. ಅವನ ಕೈಯಿಂದ ಬಂದ ಪಿಯಾನೊಗಳಲ್ಲಿ ಇಂದು ಉಳಿದಿರುವುದು ಮೂರೇ. ಮೊಜಾರ್ಟ್‌ನ ಹೊತ್ತಿಗೆ ಅದು ವಿಯೆನ್ನಾದ ಮನೆಮನೆಗಳಿಗೆ ಬಂದಿತ್ತು. ಅವನದು ಆಂಟನ್ ವಾಲ್ಟರ್ ಕಟ್ಟಿದ್ದು, ಐದು ಸ್ಥಾಯಿ, ಚರ್ಮ ಹೊದಿಸಿದ ಪುಟ್ಟ ಸುತ್ತಿಗೆಗಳು, ಒಳಗೆ ಕಬ್ಬಿಣದ ಚೌಕಟ್ಟಿಲ್ಲ. ಆ ವಾದ್ಯ ಇಂದು ಸಾಲ್ಜ್‌ಬರ್ಗ್‌ನಲ್ಲಿದೆ.

ಮಗನ ಮನೆಗೆ ಬಂದಿದ್ದ ಅಪ್ಪ ಲೆಯೊಪೋಲ್ಡ್ 1785ರ ಮಾರ್ಚ್‌ನಲ್ಲಿ ಮಗಳಿಗೆ ಬರೆದ ಪತ್ರದಲ್ಲಿ, ತಾನು ಬಂದಾಗಿನಿಂದ ಈ ಪಿಯಾನೊ ರಂಗಮಂದಿರಕ್ಕೋ ಬೇರೆ ಮನೆಗಳಿಗೋ ಕನಿಷ್ಠ 12 ಸಲ ಹೊರಟಿದೆ ಎನ್ನುತ್ತಾನೆ. ಚಳಿಗಾಲದ ವಿಯೆನ್ನಾ. ಬೆಚ್ಚಗಿನ ಮನೆಯಿಂದ ಹಿಮದ ಬೀದಿಗೆ, ಬೀದಿಯಿಂದ ಮೇಣದಬತ್ತಿ ಉರಿಯುವ ಸಭೆಗೆ. ಪ್ರತಿ ಸಲವೂ ಅದನ್ನು ಹೊಸದಾಗಿ ಶ್ರುತಿಗೆ ತರಬೇಕಾಗಿ ಬಂದಿರಲೇಬೇಕು.

ಇಂದಿನ ಕಾನ್ಸರ್ಟ್ ಪಿಯಾನೊ ಅರ್ಧ ಟನ್ ತೂಗುತ್ತದೆ, ಅದರ ಕಬ್ಬಿಣದ ಚೌಕಟ್ಟು ಸುಮಾರು 20 ಟನ್ ಎಳೆತವನ್ನು ತಡೆದು ನಿಂತಿರುತ್ತದೆ. ಮೊಜಾರ್ಟ್ ಕಾಲದ ಫೋರ್ಟೆಪಿಯಾನೊ, ಹಾರ್ಪ್ಸಿಕಾರ್ಡ್ ಎರಡೂ ಬರಿ ಮರ. ಇಬ್ಬರು ಮೂವರು ಎತ್ತಿ ಒಯ್ಯಬಹುದು. ನಾದ ಕೊಡುವ ಸೌಂಡ್‌ಬೋರ್ಡ್ ಎರಡು ಮೂರು ಮಿಲಿಮೀಟರ್ ದಪ್ಪದ ಹಲಗೆ. ಗಾಳಿಯ ತೇವ ಹೀರಿ ಅದು ಉಬ್ಬುತ್ತದೆ, ತಂತಿಗಳನ್ನು ಹೊತ್ತ ಕುದುರೆಯನ್ನು ಮೇಲಕ್ಕೆ ತಳ್ಳುತ್ತದೆ, ತಂತಿ ಬಿಗಿಯುತ್ತದೆ. ಒಣಗಿದರೆ ಎಲ್ಲ ತಿರುಗುಮುರುಗು.

20ನೇ ಶತಮಾನದ ಮೊದಲಲ್ಲಿ ಹಾರ್ಪ್ಸಿಕಾರ್ಡ್ ಮತ್ತೆ ಬಳಕೆಗೆ ಬಂದಾಗ ಈ ಚಂಚಲತೆಯನ್ನೇ ರೋಗ ಎಂದುಕೊಂಡವರಿದ್ದರು. ಪ್ಯಾರಿಸ್ಸಿನ ಪ್ಲೆಯೆಲ್ ಕಂಪನಿ ಹಾರ್ಪ್ಸಿಕಾರ್ಡ್ ವಾದಕಿ ವಾಂಡಾ ಲಾಂಡೋವ್‌ಸ್ಕಾಗಾಗಿ 1912ರಲ್ಲಿ ಹೊರತಂದ ವಾದ್ಯ ಪಿಯಾನೊದ ದಾರಿ ಹಿಡಿದ ಭಾರಿ ಯಂತ್ರ. ಶ್ರುತಿ ನಿಂತಿತು, ನಾದ ಹೋಯಿತು. 1949ರಲ್ಲಿ ಬಾಸ್ಟನ್‌ನಲ್ಲಿ ಕಾರ್ಖಾನೆ ತೆರೆದ ಫ್ರಾಂಕ್ ಹಬಾರ್ಡ್ ಮತ್ತು ವಿಲಿಯಂ ಡೌಡ್ ಹಳೆಯ ವಾದ್ಯಗಳನ್ನು ಅಳೆದು, ಅವುಗಳ ಹಾಗೆಯೇ ಹಗುರವಾಗಿ ಕಟ್ಟತೊಡಗಿದರು. ಅಲ್ಲಿಂದ ನಾದ ಮರಳಿತು, ಅದರ ಹಿಂದೆಯೇ ಟ್ಯೂನರ್‌ನ ದಿನನಿತ್ಯದ ಪರದಾಟವೂ ಮರಳಿತು. ಈ ವ್ಯಾಪಾರ ನಷ್ಟದ್ದಲ್ಲ.

> ತೆರೆಮರೆಯ ತುಂಟತನ
>
> ‘ಮಾಯಾ ಕೊಳಲು’ ಒಪೆರಾದಲ್ಲಿ ಪಾಪಗೆನೊ ಕೈಯಲ್ಲಿ ಮಾಯದ ಗಂಟೆಗಳಿರುತ್ತವೆ. ನಿಜವಾಗಿ ನುಡಿಯುವುದು ತೆರೆಮರೆಯ ಕೀಲಿಮಣೆಯ ಗಂಟೆವಾದ್ಯ. 1791ರ ಅಕ್ಟೋಬರ್‌ನ ಒಂದು ರಾತ್ರಿ ಮೊಜಾರ್ಟ್ ತಾನೇ ಅದರ ಮುಂದೆ ಕುಳಿತು, ಪಾಪಗೆನೊ ಪಾತ್ರದ ಶಿಕಾನೆಡರ್ ಕೈಯಾಡಿಸದೇ ನಿಂತ ಹೊತ್ತಲ್ಲಿ ಬೇಕೆಂದೇ ನುಡಿಸಿದ. ಶಿಕಾನೆಡರ್ ಬೆಚ್ಚಿ ಒಳಗೆ ನೋಡಿದ. ಇನ್ನೊಮ್ಮೆ ಮೊಜಾರ್ಟ್ ಸ್ವರಮೇಳ ಹೊಡೆದಾಗ ಶಿಕಾನೆಡರ್ ಗಂಟೆಗೆ ಬಡಿದು ಬಾಯಿ ಮುಚ್ಚಲು ಹೇಳಿದ, ಸಭೆ ನಕ್ಕಿತು. ಗಂಟೆ ನುಡಿಸುವವನು ಪಾಪಗೆನೊ ಅಲ್ಲ ಎಂದು ಹಲವರಿಗೆ ಅಂದೇ ತಿಳಿದಿರಬೇಕು ಎಂದು ಮೊಜಾರ್ಟ್ ಹೆಂಡತಿಗೆ ಬರೆದ. ಎರಡು ತಿಂಗಳಲ್ಲಿ ಅವನು ತೀರಿಕೊಂಡ.

ಬಿಸಿ ಕಾಣದ ಮನೆ, ಸೂರಿಲ್ಲದ ಅಂಗಳ

ಸ್ಟಾಕ್‌ಹೋಮ್ ಹತ್ತಿರದ ಡ್ರಾಟ್ನಿಂಗ್‌ಹೋಮ್ ಅರಮನೆಯ ರಂಗಮಂದಿರ 1766ರದು. ದೊರೆ ಮೂರನೇ ಗುಸ್ತಾವ್ 1792ರಲ್ಲಿ ಮುಖವಾಡ ಕುಣಿತದ ರಾತ್ರಿ ಗುಂಡೇಟು ತಿಂದು ಸತ್ತ ಮೇಲೆ ಇದಕ್ಕೆ ದಿಕ್ಕಿಲ್ಲದಾಯಿತು. 1921ರಲ್ಲಿ ಆಗ್ನೆ ಬೈಯರ್ ಎಂಬ ವಿದ್ವಾಂಸ ಬಾಗಿಲು ತೆರೆಸಿದಾಗ ಮರದ ಯಂತ್ರಗಳೂ ಬಣ್ಣದ ಪರದೆಗಳೂ ಧೂಳಿನಡಿ ಹಾಗೆಯೇ ಇದ್ದವು. ಮರುವರ್ಷವೇ ಪ್ರಯೋಗ ಶುರುವಾಯಿತು. ಇಂದಿಗೂ ದೃಶ್ಯ ಬದಲಾಗುವುದು ಹಗ್ಗ, ಚಕ್ರಗಳನ್ನು ಕೈಯಿಂದ ತಿರುಗಿಸಿದಾಗ.

ಆ ಮಂದಿರಕ್ಕೆ ಬಿಸಿಯ ವ್ಯವಸ್ಥೆ ಇಲ್ಲ. ಹಾಗಾಗಿ ಆಟ ಬೇಸಿಗೆಯಲ್ಲಿ ಮಾತ್ರ. ಹೊರಗೆ ಸರೋವರ, ಗೋಡೆ ಕಂಬ ನೆಲ ಎಲ್ಲ ಮರ. ಹೊರಗಿನ ಹವೆ ಒಳಗೂ ಬರುತ್ತದೆ. ಇಂಥ ಕಡೆ ಟ್ಯೂನರ್ ಬೆಳಿಗ್ಗೆ ಆಕಾಶ ನೋಡಿಯೇ ದಿನ ಶುರು ಮಾಡಬೇಕು.

ಎಕ್ಸ್-ಆನ್-ಪ್ರೊವಾನ್ಸ್‌ನಲ್ಲಿ 1948ರಿಂದ ಆಟ ನಡೆಯುತ್ತಿರುವುದು ಆರ್ಚ್‌ಬಿಷಪ್ಪರ ಹಳೆಯ ಅರಮನೆಯ ಅಂಗಳದಲ್ಲಿ, ಬಯಲಿನಲ್ಲಿ. ಜುಲೈ ತಿಂಗಳ ಸುಡುಬಿಸಿಲು ಇಳಿದು ಕತ್ತಲಾದ ಮೇಲೆ ಆಟ. ಸಂಜೆ ಕಾದ ಕಲ್ಲಿನ ನಡುವೆ ಶ್ರುತಿ ಮಾಡಿದ ವಾದ್ಯ ನಡುರಾತ್ರಿ ತಂಪಿನಲ್ಲಿ ನುಡಿಯಬೇಕು.

ಗ್ಲೈಂಡ್‌ಬೋರ್ನ್‌ನಲ್ಲಿ ಟ್ಯೂನರ್‌ಗೆ ಒಂದು ಭಾಗ್ಯ ಉಂಟು. ಜನ ಹುಲ್ಲುಹಾಸಿನ ಮೇಲೆ ಬುತ್ತಿ ಬಿಚ್ಚಿ ಊಟ ಮಾಡಲೆಂದು ಅಲ್ಲಿ ಸುಮಾರು 90 ನಿಮಿಷದ ವಿರಾಮ. ಅಷ್ಟರಲ್ಲಿ ಇಡೀ ವಾದ್ಯವನ್ನೇ ಹೊಸದಾಗಿ ಶ್ರುತಿ ಮಾಡಬಹುದು. ಬೇರೆ ಹೆಚ್ಚಿನ ಕಡೆ ಸಿಗುವುದು 20 ನಿಮಿಷ.

ಆ 20 ನಿಮಿಷ

ಮೊದಲ ಅಂಕಕ್ಕೆ ತೆರೆ ಬೀಳುತ್ತದೆ. ವಾದ್ಯಗಾರರು ಎದ್ದು ಹೋಗುತ್ತಾರೆ. ಟ್ಯೂನರ್ ಬಗ್ಗಿಕೊಂಡು ಸ್ಟ್ಯಾಂಡುಗಳ ನಡುವೆ ದಾರಿ ಮಾಡಿಕೊಂಡು ಬರುತ್ತಾನೆ. ಕೈಯಲ್ಲಿ ಟಿ ಆಕಾರದ ಶ್ರುತಿಕೀಲಿ, ಜೇಬಿನಲ್ಲಿ ಶ್ರುತಿಕವೆ, ಸಣ್ಣ ಟಾರ್ಚು, ಚಾಕು, ನಾಲ್ಕಾರು ಮೊನೆ, ಸುರುಳಿ ಸುತ್ತಿದ ತಂತಿ.

183ನ್ನೂ ಮುಟ್ಟಲು ಹೊತ್ತಿಲ್ಲ. ಒಂದು ಸಾಲನ್ನು ಮಾತ್ರ ಬಿಟ್ಟು ಉಳಿದವನ್ನು ಸುಮ್ಮನಾಗಿಸುತ್ತಾನೆ. ಎ ಸರಿ ಇದೆಯೇ? ನಡುವಿನ ಸ್ಥಾಯಿಯ ಸ-ಪ ಜೋಡಿಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಾನೆ. ಎರಡು ಸ್ವರ ಕೂಡಿದಾಗ ನಡುವೆ ಏಳುವ ಅಲೆಯನ್ನು ಎಣಿಸುತ್ತಾನೆ. ಮೀನ್‌ಟೋನ್‌ನಲ್ಲಿ ನಡುವಿನ ಎ-ಇ ಜೋಡಿ ಸೆಕೆಂಡಿಗೆ ಎರಡು ಸಲ ಅಲೆಯಬೇಕು, ಸಿ-ಇ ಅಲೆಯಲೇಬಾರದು. ತಪ್ಪಿದ್ದು ಸಿಕ್ಕಿದರೆ ಬಿರಡೆಗೆ ಕೀಲಿ ತೊಡಿಸಿ ತಿರುಗಿಸುತ್ತಾನೆ. ತಿರುಗಿಸುತ್ತಾನೆ ಎನ್ನುವುದೂ ಹೆಚ್ಚಾಯಿತು. ಕೈ ಅಲುಗಿದ್ದು ಕಣ್ಣಿಗೆ ಕಾಣುವುದಿಲ್ಲ, ಸ್ವರ ಬದಲಾದದ್ದು ಕಿವಿಗೆ ತಿಳಿಯುತ್ತದೆ.

ನಡುಸ್ಥಾಯಿ ನಿಂತ ಮೇಲೆ ಅದರಿಂದ ಮೇಲಿನ, ಕೆಳಗಿನ ಸ್ಥಾಯಿಗಳು. ಆಮೇಲೆ ಎರಡನೆಯ ಸಾಲನ್ನು ಮೊದಲಿನದಕ್ಕೆ ಹೊಂದಿಸುವುದು. ಕೊನೆಗೆ ಮೇಲುಸ್ಥಾಯಿಯ ಸಣ್ಣ ತಂತಿಗಳು, ಅವೇ ಮೊದಲು ತಪ್ಪುವವು.

ಇದರ ನಡುವೆ ಒಂದು ಕೀ ನುಡಿಯದೇ ಉಳಿದರೆ? ತೇವಕ್ಕೆ ಜಾಕ್ ಉಬ್ಬಿ ತನ್ನ ಕಿಂಡಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಹೊರಗೆಳೆದು ಪಕ್ಕಗಳಿಗೆ ಪೆನ್ಸಿಲ್ ಸೀಸ ಉಜ್ಜಿದರೆ ಸಲೀಸಾಗುತ್ತದೆ. ಮೊನೆ ಮುರಿದಿದ್ದರೆ ಐದು ನಿಮಿಷದ ಕೆಲಸ. ತಂತಿಯೇ ಹರಿದಿದ್ದರೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ಹೊಸ ತಂತಿಗೆ ಕುಣಿಕೆ ಸುತ್ತಿ ತೊಡಿಸಬಹುದು, ಆದರೆ ಅದು ಹಿಗ್ಗುತ್ತಲೇ ಇರುತ್ತದೆ, ಇಳಿಯುತ್ತಲೇ ಇರುತ್ತದೆ. ಸ್ವಲ್ಪ ಮೇಲಕ್ಕೆ ಎಳೆದಿಟ್ಟು ನುಡಿಸುವವನ ಕಿವಿಯಲ್ಲಿ ಆ ಕೀ ಯಾವುದೆಂದು ಹೇಳಿ ಏಳಬೇಕು. ನುಡಿಸುವವನು ಉಳಿದ ಆಟವಿಡೀ ಆ ಸ್ವರದಿಂದ ದೂರ ಸರಿಯುತ್ತ ಕೈ ನಡೆಸುತ್ತಾನೆ.

ಈ ನಡುವೆ ಫೋನಿನಲ್ಲೇ ಶ್ರುತಿ ತೋರಿಸುವ ಆ್ಯಪ್‌ಗಳಿವೆ. ಗದ್ದಲದ ನಡುವೆ ಅವು ಉಪಕಾರಿ, ಅದನ್ನು ಹೀಗಳೆಯುವ ಕಾರಣವಿಲ್ಲ. ಆದರೆ ಎರಡು ತಂತಿ ಕೂಡಿ ಒಂದೇ ನಾದವಾಯಿತೇ ಎಂಬ ಕೊನೆಯ ತೀರ್ಪು ಕಿವಿಯದೇ. ಕಿವಿಗೆ ಬೇಕಾದದ್ದು ಮೌನ. ವಿರಾಮದ ರಂಗಮಂದಿರದಲ್ಲಿ ಸಿಗದ ವಸ್ತುವೂ ಅದೇ. ಮೇಲೆ ದೃಶ್ಯ ಬದಲಿಸುವವರ ಸುತ್ತಿಗೆ, ದೀಪದವರ ಕೂಗು, ಹಿಂದೆ ಮೂರನೇ ಅಂಕದ ಹಾಡನ್ನು ತಿದ್ದಿಕೊಳ್ಳುವ ಓಬೊ, ಮುಂದೆ ಕಟಕಟೆಗೆ ಒರಗಿ ಮಾತಿಗಿಳಿದ ಜನ.

ರಂಗಮಂದಿರಗಳು ತಾಲೀಮಿನ ಪಟ್ಟಿ ಹಾಕುವಾಗಲೇ ಟ್ಯೂನರ್‌ಗೆ ಸದ್ದಿಲ್ಲದ ಒಂದು ಗಂಟೆ ಎಂದು ಬರೆದಿಡಬೇಕು, ಅದನ್ನು ಬೇರೆ ಯಾವ ಕೆಲಸಕ್ಕೂ ಕಡಿಯಬಾರದು. ಕಾರ್ಯಕ್ರಮದ ಪುಸ್ತಿಕೆಯಲ್ಲಿ ನುಡಿಸುವವರ ಹೆಸರಿನ ಪಕ್ಕದಲ್ಲೇ ಶ್ರುತಿ ಮಾಡಿದವರ ಹೆಸರು ಬರಬೇಕು. ಹಾರ್ಪ್ಸಿಕಾರ್ಡ್ ಧ್ವನಿಮುದ್ರಣಗಳ ಜೊತೆ ಬರುವ ಪುಸ್ತಿಕೆಗಳಲ್ಲಿ ಈ ಪದ್ಧತಿ ಈಗಾಗಲೇ ಇದೆ. ಒಪೆರಾ ಮಂದಿರಗಳಿಗೆ ಅದು ಅಸಾಧ್ಯವೇನಲ್ಲ.

ಮಕ್ಕಳನ್ನು ನೋಡಲೆಂದೋ ಊರು ಸುತ್ತಲೆಂದೋ ಈ ಬೇಸಿಗೆಯಲ್ಲಿ ಯೂರೋಪಿಗೆ ಹೊರಟ ಓದುಗರು ಹ್ಯಾಂಡೆಲ್ ಅಥವಾ ಮೊಜಾರ್ಟ್ ಒಪೆರಾಕ್ಕೆ ಟಿಕೆಟ್ ಕೊಂಡರೆ, ವಿರಾಮದಲ್ಲಿ ಕಾಫಿಯ ಸಾಲಿಗೆ ಓಡುವ ಮೊದಲು ಪಿಟ್‌ನ ಅಂಚಿಗೆ ಹೋಗಿ ಐದು ನಿಮಿಷ ನಿಂತು ನೋಡಿ. ಫೋಟೊ ತೆಗೆಯಬೇಡಿ, ಪ್ರಶ್ನೆ ಕೇಳಬೇಡಿ, ಅಲ್ಲಿ ನಿಂತು ಮಾತಾಡಲೂ ಬೇಡಿ. ಅವರು ಅಲೆ ಎಣಿಸುತ್ತಿರುತ್ತಾರೆ.